ಗುಂಡಿ ಒತ್ತುವುದೋ, ಬಾಯಲ್ಲೇ ಅನ್ನುವುದೋ? ಮಕ್ಕಳಿಗೆ ಸದ್ದಿನ ಪುಸ್ತಕ ಆರಿಸುವಾಗ

ನಮ್ಮ ಮನೆಯಲ್ಲಿ ಒಂದು ಹಸು ಇದೆ. ಮುಂಬೈ ಪಕ್ಕದ ಡೊಂಬಿವಲಿಯ ಮೂರನೇ ಮಹಡಿಯಲ್ಲಿ, ಸೋಫಾದ ಕೆಳಗೆ. ಮೊದಲು "ಮೂ" ಅನ್ನುತ್ತಿತ್ತು. ಈಗ ಬ್ಯಾಟರಿ ಕೊನೆಯುಸಿರು ಎಳೆಯುತ್ತಿದೆ, ಹಾಗಾಗಿ ರಾತ್ರಿ ನೀರು ಕುಡಿಯಲು ಎದ್ದವರ ಕಾಲು ತಾಗಿದರೆ "ಮ್ರ್ರ್ರ್" ಅಂತ ನರಳುತ್ತದೆ. 599 ರೂಪಾಯಿ ಕೊಟ್ಟು ತಂದ, ಗುಂಡಿ ಒತ್ತಿದರೆ ಪ್ರಾಣಿ ಕೂಗುವ ಪುಸ್ತಕ ಅದು. ಅದರ ಪಕ್ಕದಲ್ಲೇ ಇನ್ನೊಂದು ತೆಳು ಕನ್ನಡ ಪುಸ್ತಕ ಬಿದ್ದಿರುತ್ತದೆ. ಬೆನ್ನು ಹರಿದಿದೆ, ಮೈತುಂಬಾ ಸೆಲ್ಲೋಟೇಪ್. ಹಸುವಿನ ಪುಸ್ತಕದ ಹತ್ತನೇ ಒಂದು ಭಾಗದಷ್ಟು ಬೆಲೆಯೂ ಅದಕ್ಕಿಲ್ಲ. ಆದರೆ ಮಲಗುವ ಹೊತ್ತಿಗೆ ಮಕ್ಕಳು ಎಳೆದು ತರುವುದು ಅದನ್ನೇ.

ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಈ ನಾಲ್ಕು ವರ್ಷದಲ್ಲಿ ಸದ್ದಿನ ಪುಸ್ತಕಗಳನ್ನು ಕೊಂಡಿದ್ದೇನೆ, ಎರವಲು ತಂದಿದ್ದೇನೆ, ಉಡುಗೊರೆಯಾಗಿ ಪಡೆದಿದ್ದೇನೆ, ಒಂದನ್ನು ಸೂಜಿ ದಾರ ಹಿಡಿದು ಮನೆಯಲ್ಲೇ ಹೊಲಿದಿದ್ದೇನೆ. "ಯಾವುದು ತಗೊಳ್ಲಿ?" ಅಂತ ಗೆಳತಿಯರು ಕೇಳುತ್ತಲೇ ಇರುವುದರಿಂದ ಒಂದೇ ಸಲ ಬರೆದು ಮುಗಿಸೋಣ ಅಂತ ಕೂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇರುವವರ ಲೆಕ್ಕ ಬೇರೆ, ಮುಂಬೈಯಲ್ಲಿರುವ ನಮ್ಮ ಲೆಕ್ಕ ಬೇರೆ. ಅಲ್ಲಿ ಮಗುವಿನ ಕಿವಿಗೆ ಕನ್ನಡ ಬೀದಿಯಿಂದ ಬೀಳುತ್ತದೆ, ಹಾಲಿನವನಿಂದ, ಪಕ್ಕದ ಮನೆಯಿಂದ, ಬಸ್ಸಿನಿಂದ ಬೀಳುತ್ತದೆ. ಇಲ್ಲಿ ನಮ್ಮ ಮಕ್ಕಳಿಗೆ ಲಿಫ್ಟ್‌ನಲ್ಲಿ ಮರಾಠಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್, ಗಾರ್ಡನ್‌ನಲ್ಲಿ ಹಿಂದಿ. ಕನ್ನಡ ಬರುವುದು ಎರಡೇ ಬಾಯಿಂದ, ನನ್ನದು ಮತ್ತು ಗಂಡನದು. ಅದರಲ್ಲಿ ಒಂದು ಬಾಯಿ ಬೆಳಿಗ್ಗೆ 7.40ರ ಫಾಸ್ಟ್ ಲೋಕಲ್ ಹತ್ತಿ ಹೋದರೆ ತಿರುಗಿ ಬರುವುದು ರಾತ್ರಿ ಒಂಬತ್ತಕ್ಕೆ. ಹಾಗಾಗಿ ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ನೋಡುವುದು ಒಂದನ್ನೇ: ಇದರಲ್ಲಿ ಸದ್ದು ಮಾಡಬೇಕಾದವರು ಯಾರು? ಯಂತ್ರವಾ, ನಾನಾ?

ಗುಂಡಿ ಪುಸ್ತಕದಿಂದಲೇ ಶುರು ಮಾಡೋಣ, ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ನಿಜ ಹೇಳಬೇಕೆಂದರೆ ಅದಕ್ಕೂ ಒಂದು ಉಪಯೋಗ ಇದೆ. ಕುಕ್ಕರ್ ಇಳಿಸುವ ಹತ್ತು ನಿಮಿಷ ಮಗು ತನ್ನಷ್ಟಕ್ಕೆ ಕೂತಿರುತ್ತದೆ. ಒತ್ತಿದರೆ ಏನೋ ಆಗುತ್ತದೆ ಅನ್ನುವುದು ಒಂದು ವರ್ಷದ ಮಗುವಿಗೆ ದೊಡ್ಡ ಖುಷಿ. ಆದರೆ ಗಮನಿಸಿ ನೋಡಿ, ಪುಸ್ತಕ ಮಾತಾಡಲು ಶುರು ಮಾಡಿದ ಕೂಡಲೇ ನಾವು ಸುಮ್ಮನಾಗುತ್ತೇವೆ. ಇದು ನನ್ನೊಬ್ಬಳ ಸೋಮಾರಿತನ ಅಂದುಕೊಂಡಿದ್ದೆ, ಅಲ್ಲವಂತೆ. ಅಮೆರಿಕದ ಆನಾ ಸೋಸಾ ಎಂಬ ಸಂಶೋಧಕಿ 10ರಿಂದ 16 ತಿಂಗಳ ಮಕ್ಕಳಿರುವ 26 ಮನೆಗಳಲ್ಲಿ ಮಾತನ್ನು ರೆಕಾರ್ಡ್ ಮಾಡಿ ಹೋಲಿಸಿ, 2016ರಲ್ಲಿ ಪ್ರಕಟಿಸಿದರು. ಬ್ಯಾಟರಿ ಆಟಿಕೆ ಕೊಟ್ಟಾಗ ಅಪ್ಪ ಅಮ್ಮಂದಿರ ಮಾತು ಕಡಿಮೆಯಾಯಿತು, ಮಗು ಮತ್ತು ದೊಡ್ಡವರ ನಡುವಿನ "ನೀ ಒಂದು, ನಾ ಒಂದು" ಕೂಡ ಕಡಿಮೆಯಾಯಿತು. ಸಾದಾ ಪುಸ್ತಕ ಹಿಡಿದಾಗ ಮಾತು ಜಾಸ್ತಿ. ಅಲ್ಲಿ ಕೊಟ್ಟಿದ್ದು ಮಾತಾಡುವ ಆಟಿಕೆಗಳು, ಗುಂಡಿ ಪುಸ್ತಕ ಅಲ್ಲ. ಆದರೂ ಸೋಫಾದ ಕೆಳಗಿನ ಹಸು ಯಾವ ಗುಂಪಿಗೆ ಸೇರಿದ್ದು ಅಂತ ನನಗೇನೂ ಅನುಮಾನ ಇಲ್ಲ.

ಇನ್ನೊಂದು, ಇದು ತಮಾಷೆಯ ವಿಷಯ ಅಲ್ಲ. ಇಂಥ ಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ನಾಣ್ಯದಂಥ ಬಟನ್ ಸೆಲ್. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿತು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಸೆಲ್ ಇರುವ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ, ಉಗುರಿನಿಂದ ತೆಗೆಯಲು ಬಂದರೆ ಆ ಪುಸ್ತಕ ಬೇಡವೇ ಬೇಡ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ನಾನು ಗುಂಡಿ ಪುಸ್ತಕದ ಬೆನ್ನಲ್ಲೂ ಅದನ್ನು ಹುಡುಕುತ್ತೇನೆ. ಸ್ಟೇಷನ್ ಹೊರಗಿನ ಫುಟ್‌ಪಾತ್‌ನಲ್ಲಿ ಅರ್ಧ ಬೆಲೆಗೆ ಸಿಗುವವುಗಳಲ್ಲಿ ನನಗೆ ಒಮ್ಮೆಯೂ ಕಂಡಿಲ್ಲ. ಈಗಾಗಲೇ ಮನೆಯಲ್ಲಿ ಇದ್ದರೆ ಸ್ಪೀಕರ್ ಮೇಲೆ ದಪ್ಪ ಟೇಪ್ ಹಚ್ಚಿ, ಕಿರುಚುವುದು ತಗ್ಗುತ್ತದೆ. ಇಲ್ಲವೇ ಸೆಲ್ ತೆಗೆದುಬಿಡಿ. ಸೆಲ್ ಇಲ್ಲದ ಗುಂಡಿ ಪುಸ್ತಕ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ? ಮಗು ಒತ್ತುತ್ತದೆ, ಕೂಗುವುದು ನೀವು.

ಇನ್ನು ಇಂಗ್ಲಿಷಿನ ಗಟ್ಟಿ ರಟ್ಟಿನ ಪುಸ್ತಕಗಳು. ಬೋರ್ಡ್ ಬುಕ್ ಅಂತ ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಕಚ್ಚಬಹುದು, ಜೊಲ್ಲು ಸುರಿಸಬಹುದು, ಎಸೆಯಬಹುದು. ಒಂದೂವರೆ ವರ್ಷದ ಒಳಗಿನ ಮಕ್ಕಳಿಗೆ ಇದಕ್ಕಿಂತ ಸರಿಯಾದದ್ದು ಇಲ್ಲ, ಮತ್ತು ಕನ್ನಡದಲ್ಲಿ ಇಂಥವು ಹುಡುಕಿದರೂ ಸಿಗುವುದು ಅಪರೂಪ, ಅದು ನನ್ನ ಹಳೇ ಸಿಟ್ಟು. ತೊಂದರೆ ಏನೆಂದರೆ ಅದರಲ್ಲಿರುವ ಊರು ನಮ್ಮದಲ್ಲ. ಹಿಮದ ಮೇಲೆ ನಡೆದರೆ ಬರುವ ಸದ್ದು, ಟರ್ಕಿ ಕೋಳಿಯ ಸದ್ದು, ಚಿಮಣಿಯ ಸದ್ದು. ನಮ್ಮ ಕಿಟಕಿಯಲ್ಲಿ ಕೂತಿರುವುದು ಪಾರಿವಾಳ. ಅದು ಬೆಳಗಿನ ಐದಕ್ಕೇ ಗುಟುರ್ ಗುಟುರ್ ಶುರು ಮಾಡುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭ. ಬೋರ್ಡ್ ಬುಕ್ ಕೊಳ್ಳುವಾಗ ಮಾತು ಕಡಿಮೆ, ಚಿತ್ರ ದೊಡ್ಡದು ಇರುವುದನ್ನು ಆರಿಸಿ. ಮನೆಗೆ ತಂದು ಇಂಗ್ಲಿಷ್ ಸದ್ದಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ ಕನ್ನಡದಲ್ಲಿ ಬರೆಯಿರಿ. ಹಸುವಿಗೆ ಅಂಬಾ, ಕೋಳಿಗೆ ಕೊಕ್ಕೊಕ್ಕೋ, ನಾಯಿಗೆ ಬೌ ಬೌ, ಕಪ್ಪೆಗೆ ವಟರ್ ವಟರ್. ಬಾಯಲ್ಲೇ ಬದಲಿಸಿ ಓದಿದರೆ ಸಾಲದಾ ಅಂತೀರಾ? ನನಗೆ ಸಾಕು. ಆದರೆ ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬಂದ ಅಪ್ಪ ಪುಟದಲ್ಲಿ ಏನಿದೆಯೋ ಅದನ್ನೇ ಓದುತ್ತಾನೆ. ಸ್ಟಿಕ್ಕರ್ ಇರುವುದು ಅವನಿಗಾಗಿ.

ಈಗ ಕನ್ನಡದ ತೆಳು ಚಿತ್ರಪುಸ್ತಕಗಳಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ, ಯಾಕೆಂದರೆ ನನ್ನ ಮತ ಇದಕ್ಕೇ.

ಕನ್ನಡದಲ್ಲಿ ಸದ್ದಿನ ಮಾತಿಗೆ ಬರವೇ ಇಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಪಾಠ ಮಾಡಿ ಎರಡು ಅಂಕಕ್ಕೆ ಮುಗಿಸಿದ್ದರು, ಅದರ ರುಚಿ ಗೊತ್ತಾಗಿದ್ದು ಮಗಳಿಗೆ ಓದಿ ಹೇಳುವಾಗಲೇ. ಮಳೆ ಒಂದನ್ನೇ ತೆಗೆದುಕೊಳ್ಳಿ. ಜಿಟಿಜಿಟಿ ಬೇರೆ, ಟಪಟಪ ಬೇರೆ, ರಪರಪ ಬೇರೆ, ಧೋ ಅಂತ ಸುರಿಯುವುದೇ ಬೇರೆ. ಜೂನ್ ಎರಡನೇ ವಾರದಲ್ಲಿ ಮಳೆ ಬಂತೆಂದರೆ ನಮ್ಮ ಬಾಲ್ಕನಿಯ ತಗಡಿನ ಮೇಲೆ ಈ ನಾಲ್ಕೂ ಒಂದೇ ಮಧ್ಯಾಹ್ನದಲ್ಲಿ ಕೇಳುತ್ತವೆ, ಪುಸ್ತಕ ಹಿಡಿದು ಅಲ್ಲೇ ಕೂತರೆ ಆಯಿತು. ನೀರು ಜುಳುಜುಳು, ಎಲೆ ಸರಸರ, ದೋಸೆ ಚುಯ್, ಬಾಗಿಲು ದಢಾರ್, ಅಜ್ಜ ಗೊರಗೊರ. ಇಷ್ಟಕ್ಕೇ ನಿಲ್ಲುವುದಿಲ್ಲ. ಸದ್ದೇ ಇಲ್ಲದ್ದಕ್ಕೂ ನಮ್ಮಲ್ಲಿ ಸದ್ದಿನಂಥ ಮಾತಿದೆ. ಪಾತ್ರೆ ಥಳಥಳ, ದೀಪ ಮಿಣಮಿಣ, ತುಪ್ಪ ಘಮಘಮ. ನಕ್ಷತ್ರ ಮಿಣಮಿಣ ಅನ್ನುವಾಗ ಮಗಳು ಬೆರಳುಗಳನ್ನು ತೆರೆದು ಮುಚ್ಚುತ್ತಾಳೆ, ನಾನು ಹೇಳಿಕೊಟ್ಟಿದ್ದಲ್ಲ. ಜಪಾನಿನ ಮುತ್ಸುಮಿ ಇಮಾಯ್ ಮತ್ತು ಜೊತೆಯವರು 2008ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ್ದೇ. ಮಾತಿನ ಸದ್ದು ಕೆಲಸಕ್ಕೆ ಹೊಂದುವಂತಿದ್ದರೆ ಮೂರು ವರ್ಷದ ಮಕ್ಕಳು ಹೊಸ ಕ್ರಿಯಾಪದವನ್ನು ಸುಲಭವಾಗಿ ಹಿಡಿಯುತ್ತಾರೆ. ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ಇಂಥ ಮಾತುಗಳ ರಾಶಿಯೇ ಇದೆ.

ಮುಂಬೈಯಲ್ಲಿ ಬೆಳೆಯುವ ಮಕ್ಕಳಿಗೆ ಇದರಿಂದ ಇನ್ನೊಂದು ಲಾಭ ಇದೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮರಾಠಿ, ಹಿಂದಿ ಎರಡರಲ್ಲೂ ಪದದ ಕೊನೆಯ "ಅ" ಮಾತಿನಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ನನ್ನ ಮಗಳು ಮೂರು ವರ್ಷದವರೆಗೂ ಮರಕ್ಕೆ "ಮರ್" ಅನ್ನುತ್ತಿದ್ದಳು, ಪುಸ್ತಕಕ್ಕೆ "ಪುಸ್ತಕ್". ಅದೇ ರೀತಿ ಗಿಡ್ಡ ಎ, ಗಿಡ್ಡ ಒ ಆ ಭಾಷೆಗಳಲ್ಲಿ ಕನ್ನಡದ ಹಾಗೆ ಬೇರೆ ಅಕ್ಷರಗಳಲ್ಲ, ಎ-ಏ ವ್ಯತ್ಯಾಸದಿಂದ ಅರ್ಥ ಬದಲಾಗುವುದಿಲ್ಲ. ಎಲೆ ಬೇಕಾದಾಗ ನಮ್ಮವಳು "ಏಲೆ ಕೋಡು" ಅನ್ನುತ್ತಿದ್ದಳು. ವಿಡಿಯೋ ಕಾಲ್‌ನಲ್ಲಿದ್ದ ಧಾರವಾಡದ ಅಜ್ಜಿ, "ಯಾವ ಎತ್ತಿನ ಕೋಡು ಬೇಕವ್ವಾ?" ಅಂತ ನಕ್ಕಿದ್ದರು. ತಿದ್ದಲು ಹೋದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಕೋಳಿ ಕೂಗಿಸಿದರೆ? ಕೊಕ್ಕೊಕ್ಕೋ. ಎರಡು ಗಿಡ್ಡ ಒ, ಕೊನೆಗೊಂದು ಉದ್ದ ಓ. ಒಂದೇ ಕೂಗಿನಲ್ಲಿ ಪಾಠ ಮುಗಿಯಿತು, ಅಲ್ವಾ? ಧೊಪ್ ಅಂತ ಬೀಳುವ ಹಲಸಿನ ಹಣ್ಣು, ಗೊರಗೊರ ಗೊರಕೆ, ಇವೂ ಅದೇ ಕೆಲಸ ಮಾಡುತ್ತವೆ. ಪಟಪಟ, ಸರಸರ ಅನ್ನುವಾಗ ಕೊನೆಯ ಅ ನುಂಗಿದರೆ ತಾಳವೇ ಕೆಡುತ್ತದೆ, ಹಾಗಾಗಿ ಮಗುವೇ ಅದನ್ನು ಬಿಡುವುದಿಲ್ಲ. ಹಿಂದಿಯಲ್ಲಿ ಇಲ್ಲದ ಳ ಮರಾಠಿಯಲ್ಲಿದೆ, ಅದೊಂದು ಪುಣ್ಯ. ಆ ಅಕ್ಷರಕ್ಕೆ ನಾವು ಕಷ್ಟಪಡಬೇಕಾಗಿಲ್ಲ, ಪಕ್ಕದ ಮನೆಯ ಮರಾಠಿ ಅಜ್ಜಿ, ನಮ್ಮ ಮಕ್ಕಳ ಬಾಯಲ್ಲಿ ಆಜಿ, ನೋಡಿಕೊಳ್ಳುತ್ತಾರೆ.

ಯಾವ ಕನ್ನಡ ಪುಸ್ತಕ ಆರಿಸಬೇಕು? ಅಂಗಡಿಯಲ್ಲೇ ಒಂದು ಪುಟ ಸಣ್ಣ ದನಿಯಲ್ಲಿ ಓದಿ ನೋಡಿ. ಸಂಕೋಚ ಬೇಡ. ನಾಲಿಗೆ ಎಡವಿದರೆ ಅಲ್ಲಿಯೇ ಬಿಡಿ. ಎಷ್ಟೋ ಅನುವಾದದ ಪುಸ್ತಕಗಳಲ್ಲಿ ಕಥೆಯನ್ನು ಕನ್ನಡಕ್ಕೆ ತಂದು ಸದ್ದನ್ನು ಮಾತ್ರ ಇಂಗ್ಲಿಷಿನದೇ ಕನ್ನಡ ಲಿಪಿಯಲ್ಲಿ ಇಟ್ಟಿರುತ್ತಾರೆ, ಹಂದಿ "ಆಯಿಂಕ್" ಅನ್ನುತ್ತದೆ. ಯಾವ ಊರ ಹಂದಿಯೋ! ಒಂದು ಪುಟಕ್ಕೆ ಎರಡು ಸಾಲಿಗಿಂತ ಜಾಸ್ತಿ ಇದ್ದರೆ ಎರಡು ವರ್ಷದೊಳಗಿನವರಿಗೆ ಬೇಡ. ಒಂದೇ ಸದ್ದು ಪುಟದಿಂದ ಪುಟಕ್ಕೆ ಮರಳಿ ಬರುವಂತಿದ್ದರೆ ಒಳ್ಳೆಯದು, ಮೂರನೇ ಸಲಕ್ಕೆ ಮಗುವೇ ಬಾಯಿ ಹಾಕುತ್ತದೆ.

ಸಿಗುವುದು ಎಲ್ಲಿ ಅನ್ನುವುದೇ ಕಷ್ಟದ ಪ್ರಶ್ನೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಮತ್ತು ಚೆನ್ನೈನ ತೂಲಿಕಾ ಎರಡೂ ಕನ್ನಡದಲ್ಲಿ ಚಿತ್ರಪುಸ್ತಕ ತರುತ್ತವೆ, ಆನ್‌ಲೈನ್‌ನಲ್ಲಿ ತರಿಸಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯವು ಅಗ್ಗ, ಆದರೆ ಅದರಲ್ಲಿ ಬಹಳಷ್ಟು ಸ್ವಲ್ಪ ದೊಡ್ಡ ಮಕ್ಕಳಿಗೆ. ಮಾಟುಂಗಾಗೆ ಫಿಲ್ಟರ್ ಕಾಫಿ ಪುಡಿಗೋ ಮೈಸೂರು ಅಸೋಸಿಯೇಷನ್‌ನ ನಾಟಕಕ್ಕೋ ಹೋದಾಗ ಅಲ್ಲಿ ಬಂದ ಕನ್ನಡದವರನ್ನು ಕೇಳಿ. ಮಕ್ಕಳು ದೊಡ್ಡವರಾದ ಮನೆಗಳ ಅಟ್ಟದಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ನನಗೆ ಸಿಕ್ಕ ಅತಿ ಒಳ್ಳೆಯ ಮೂರು ಪುಸ್ತಕ ಹಾಗೆ ಬಂದದ್ದು.

ದ್ವಿಭಾಷಾ ಪುಸ್ತಕಗಳ ಬಗ್ಗೆ ನನಗೆ ಎರಡು ಮನಸ್ಸು. ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಅಪ್ಪ ಅಮ್ಮಂದಿರು ಮುಂಬೈಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಮನೆಮಾತು ತುಳುವೋ ಕೊಂಕಣಿಯೋ ಆಗಿ ಇಂಗ್ಲಿಷ್ ಶಾಲೆಯಲ್ಲಿ ಕಲಿತವರು. ಅವರಿಗೆ ಇಂಗ್ಲಿಷ್ ಸಾಲು ಅರ್ಥ ಹೇಳುತ್ತದೆ, ಅಜ್ಜಿ ಬಂದಾಗ ಕನ್ನಡ ಸಾಲು ಓದುತ್ತಾರೆ, ಒಂದೇ ಪುಸ್ತಕ ಇಬ್ಬರಿಗೂ ಆಯಿತು. ತೊಂದರೆ ಎಂದರೆ ಎರಡನ್ನೂ ಓದಬೇಕು ಅನ್ನುವ ಚಪಲ. ಒಂದು ಸಾಲು ಅದು, ಒಂದು ಸಾಲು ಇದು ಅಂತ ಓದಿದರೆ ಸದ್ದಿನ ಪುಸ್ತಕದ ತಾಳ ಮುರಿಯುತ್ತದೆ, ಮಗು ಎದ್ದು ಹೋಗುತ್ತದೆ. ಇವತ್ತು ಒಂದು ಭಾಷೆ, ನಾಳೆ ಇನ್ನೊಂದು. ಇಲ್ಲ, ಅಪ್ಪ ಒಂದು, ಅಮ್ಮ ಒಂದು.

ಮರಾಠಿ ಪುಸ್ತಕವನ್ನು ಮಾತ್ರ ಮರೆಯಬೇಡಿ. ಬಹಳ ಜನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪುಣೆಯ ಜ್ಯೋತ್ಸ್ನಾ ಪ್ರಕಾಶನದಂಥವರ ಮಕ್ಕಳ ಪುಸ್ತಕಗಳು ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ, ಚಿತ್ರಗಳು ನಮ್ಮ ಸುತ್ತಮುತ್ತಲಿನವೇ. ನೆಲದ ಮೇಲೆ ಕೂತು ಉಣ್ಣುವ ಮನೆ, ಬಾಗಿಲಲ್ಲಿ ರಂಗೋಲಿ. ನಾವು ಇದನ್ನು ಆಟ ಮಾಡಿಕೊಂಡಿದ್ದೇವೆ. ಆಜಿಯ ಮನೆಯಲ್ಲಿ ಹಸು "ಹಮ್ಮಾ" ಅನ್ನುತ್ತದೆ, ನಮ್ಮ ಮನೆಯಲ್ಲಿ "ಅಂಬಾ". ಅವರ ಕಾಗೆ "ಕಾವ್ ಕಾವ್", ನಮ್ಮದು "ಕಾ ಕಾ". ಅವರ ಕಪ್ಪೆ "ಡರಾಂವ್ ಡರಾಂವ್", ನಮ್ಮದು "ವಟರ್ ವಟರ್". ಅವರ ಹಳ್ಳ "ಝುಳ್‌ಝುಳ್", ನಮ್ಮದು "ಜುಳುಜುಳು". ಮಳೆ ಮಾತ್ರ ಇಬ್ಬರಿಗೂ "ಧೋ ಧೋ". ಅದನ್ನು ಕಂಡುಹಿಡಿದ ದಿನ ಮಗಳು ಆಜಿಯ ಮನೆಗೆ ಓಡಿ ಹೋಗಿ ಹೇಳಿ ಬಂದಿದ್ದಳು. ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ ಅಂತ ಹೆದರುವವರಿಗೆ ನಾನು ಇದನ್ನೇ ಹೇಳುವುದು. ಯಾವ ಮನೆಯ ಹಸು ಹೇಗೆ ಕೂಗುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ರೈಲಿನ ವಿಷಯದಲ್ಲಿ ಮಾತ್ರ ಎರಡೂ ಭಾಷೆಯ ಪುಸ್ತಕಗಳು ಸೋತವು. ಕನ್ನಡದಲ್ಲಿ ಚುಕುಬುಕು, ಮರಾಠಿಯಲ್ಲಿ ಝುಕ್ ಝುಕ್, ಎರಡರಲ್ಲೂ ಹೊಗೆ ಬಿಡುವ ಎಂಜಿನ್ ಚಿತ್ರ. ಬೋರಿಬಂದರದಿಂದ ಕುರ್ಲಾಕ್ಕೆ ಕರೆಂಟಿನ ರೈಲು ಓಡಿದ್ದು 1925ರಲ್ಲಿ! ನಮ್ಮ ಮಗು ಕೇಳುವುದು ಗಡಗಡ, ಧಡಕ್ ಧಡಕ್, ಮತ್ತು ಪೋಂ ಅಂತ ಹಾರ್ನ್. ಹಾಗಾಗಿ ಮನೆಯಲ್ಲೇ ಒಂದು ಪುಸ್ತಕ ಮಾಡಿದೆವು. ಎಂಟು ಹಾಳೆ, ಮಧ್ಯದಲ್ಲಿ ದಾರದ ಹೊಲಿಗೆ, ಹಳೇ ಕ್ಯಾಲೆಂಡರಿನ ರಟ್ಟು. ಒಂದು ಪುಟದಲ್ಲಿ ಲೋಕಲ್, ಒಂದರಲ್ಲಿ ಪಾವ್ ಮಾರುವವನ ಸೈಕಲ್ಲಿನ ಪೊಂಯ್ ಪೊಂಯ್, ಒಂದರಲ್ಲಿ ಮುಂಬೈಯ ಸಿಟಿ ಬಸ್ಸಿನ, ಅಂದರೆ ಬೆಸ್ಟ್ ಬಸ್ಸಿನ ಕಂಡಕ್ಟರ್ ಹಗ್ಗ ಎಳೆದಾಗಿನ ಟಿಣ್ ಟಿಣ್, ಒಂದರಲ್ಲಿ ನಮ್ಮ ಕುಕ್ಕರ್. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ, ಬಸ್ಸು ಫ್ರಿಜ್‌ನಂತೆ ಕಾಣುತ್ತದೆ. ಯಾರೂ ದೂರು ಕೊಟ್ಟಿಲ್ಲ. ದುಡ್ಡಿಲ್ಲದೆ ಆಗುವುದು, ಹರಿದರೆ ಸಂಕಟ ಇಲ್ಲ. ಸಮಯ ಮಾತ್ರ ಬೇಕು, ಒಂದು ಭಾನುವಾರ ಹೋಗುತ್ತದೆ.

ಫೋನಿನ ಬಗ್ಗೆ ಚುಟುಕಾಗಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಬಿಟ್ಟಿಯಾಗಿ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ಕೂಡ ಮಾಡಬಹುದು. ಅದರಲ್ಲಿ ತೀರಾ ಸುಲಭದ ಹಂತ ಒಂದರ ಕಥೆಗಳನ್ನು ತೆಗೆದುಕೊಂಡು ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿದರೆ ಮುಂಬೈಯಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ ಅನ್ನುವ ನೆಪ ಹೋಯಿತು. ಆದರೆ ಆಡಿಯೋ ಹಾಕಿ ಮಗುವಿನ ಮುಂದೆ ಇಟ್ಟು ಹೋಗುವುದು ಬೇರೆ ಮಾತು. ಪೆಟ್ರೀಷಿಯಾ ಕೂಲ್ ಮತ್ತು ಜೊತೆಯವರು 2003ರಲ್ಲಿ ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿ ನೋಡಿದ್ದರು. ಮನುಷ್ಯರು ಎದುರು ಕೂತು ಪುಸ್ತಕ ಓದಿ ಆಡಿಸಿದಾಗ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ವಿಡಿಯೋದಲ್ಲೋ ಬರೀ ಆಡಿಯೋದಲ್ಲೋ ಕೇಳಿಸಿದಾಗ ಕಲಿಯಲಿಲ್ಲ. ಅಜ್ಜಿಯ ವಿಡಿಯೋ ಕಾಲ್ ಬೇರೆ, ಅಲ್ಲಿ ಅಜ್ಜಿ ಉತ್ತರ ಕೊಡುತ್ತಾರೆ, ಕೋಡು ಅಂದರೆ ನಗುತ್ತಾರೆ.

ಎ ಫಾರ್ ಆಪಲ್ ಥರದ ಫೋನಿಕ್ಸ್ ಪುಸ್ತಕಗಳನ್ನೂ ಸದ್ದಿನ ಪುಸ್ತಕ ಅಂತಲೇ ಮಾರುತ್ತಾರೆ. ಅವು ಯಾವ ಇಂಗ್ಲಿಷ್ ಅಕ್ಷರಕ್ಕೆ ಯಾವ ಸದ್ದು ಅಂತ ಕಲಿಸಲು. ಕನ್ನಡದ ಕ, ಕಾ, ಕಿ ಒಂದೊಂದೂ ವ್ಯಂಜನ, ಸ್ವರ ಎರಡೂ ಕೂಡಿದ ಪೂರ್ತಿ ಉಚ್ಚಾರ, ಅದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಮೂರು ವರ್ಷಕ್ಕೆ ಮುಂಚೆ ಅದಕ್ಕೆ ದುಡ್ಡು ಹಾಕಬೇಡಿ, ನಂತರ ಶಾಲೆಯವರೇ ಹಾಕಿಸುತ್ತಾರೆ.

ನನ್ನ ಕೈಯಲ್ಲಿ ಐನೂರು ರೂಪಾಯಿ ಇದ್ದು ಮಗು ಒಂದು ವರ್ಷದ್ದಾಗಿದ್ದರೆ ಒಂದು ಬೋರ್ಡ್ ಬುಕ್ ಮತ್ತು ಸ್ಟಿಕ್ಕರ್ ಹಾಳೆ ಕೊಳ್ಳುತ್ತೇನೆ, ಉಳಿದ ದುಡ್ಡು ಹಾಗೇ ಇಡುತ್ತೇನೆ. ಎರಡರಿಂದ ನಾಲ್ಕರವರೆಗೆ ತೆಳು ಕನ್ನಡ ಪುಸ್ತಕಗಳು, ಎಷ್ಟು ಬಂದರೆ ಅಷ್ಟು, ಜೊತೆಗೊಂದು ಮರಾಠಿ. ನಿಮಗೆ ಕನ್ನಡ ಓದಲು ಬಾರದಿದ್ದರೆ ದ್ವಿಭಾಷಾ. ಗುಂಡಿ ಪುಸ್ತಕ ಉಡುಗೊರೆ ಬಂದರೆ ಬೇಡ ಅನ್ನಬೇಡಿ, ಸೆಲ್ ತೆಗೆಯಿರಿ. ಗದ್ದಲಕ್ಕೆ ಹೆದರುವ ಮಕ್ಕಳೂ ಇರುತ್ತಾರೆ. ನನ್ನ ಮಗ ಗುಡುಗಿನ ಪುಟ ಬಂದರೆ ಮುಖ ಮುಚ್ಚುತ್ತಿದ್ದ. ಅಂಥವರಿಗೆ ಗುಡುಗನ್ನು ಪಿಸುಮಾತಿನಲ್ಲಿ ಹೇಳಿ, ಗುಡು ಗುಡು, ಕಿವಿಯ ಹತ್ತಿರ. ಬಾಯಿಂದ ಬರುವ ಸದ್ದಿಗೆ ಆ ಒಂದು ಸೌಲಭ್ಯ ಇದೆ, ಬೇಕಾದಷ್ಟು ಸಣ್ಣದು ಮಾಡಬಹುದು.

ಓದುವಾಗ ಸದ್ದಿನ ಮುಂಚೆ ಒಂದು ಕ್ಷಣ ನಿಲ್ಲಿಸಿ. "ಬಾಗಿಲು ಹಾಕಿಕೊಂಡಿತು..." ಅಂತ ಹೇಳಿ ಸುಮ್ನೆ ಮಗುವಿನ ಮುಖ ನೋಡಿ. ಮೊದಲ ವಾರ ಏನೂ ಆಗುವುದಿಲ್ಲ. ಆಮೇಲೊಂದು ದಿನ "ಢಾಯ್!" ಅಂತ ಬರುತ್ತದೆ. ಪುಸ್ತಕದಲ್ಲಿ ದಢಾರ್ ಅಂತ ಇತ್ತು, ಇರಲಿ ಬಿಡಿ, ಮುಂದಿನ ಪುಟ ತಿರುಗಿಸಿ. ಒಂದೇ ಪುಸ್ತಕ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲ ಓದಬೇಕಾಗುತ್ತದೆ, ನಿಮಗೆ ಬೇಜಾರು ಬರುತ್ತದೆ, ನನಗೂ ಬಂದಿದೆ. ಹನ್ನೊಂದನೇ ಸಲಕ್ಕೆ ನಾನು ಬೇಕೆಂದೇ ಬೆಕ್ಕಿಗೆ ಬೌ ಬೌ ಅನ್ನಿಸುತ್ತೇನೆ. ಆಗ ಎದ್ದು ನಿಂತು ಜಗಳಕ್ಕೆ ಬರುತ್ತಾರೆ.

ಕೊನೆಗೆ ಒಂದು ಉಪಾಯ. ಊರಿನಿಂದ ಯಾರಾದರೂ ದಾದರಿಗೆ ರೈಲು ಹತ್ತುವುದಿದ್ದರೆ, ಏನು ತರಲಿ ಅಂತ ಅವರು ಕೇಳಿದಾಗ, ಚಕ್ಕುಲಿ ಅನ್ನುವ ಮುಂಚೆ ಪುಸ್ತಕ ಅನ್ನಿ. ಕಳೆದ ಸಲ ನಮ್ಮಮ್ಮ ನಾಲ್ಕು ಪುಸ್ತಕ ತಂದರು. ಶೇಂಗಾ ಉಂಡೆಯ ಡಬ್ಬಿಯ ಕೆಳಗೆ ಇಟ್ಟಿದ್ದರಿಂದ ಒಂದರ ಮೇಲೆ ಎಣ್ಣೆಯ ಕಲೆ ಆಗಿದೆ, ಸರಿಯಾಗಿ ಆನೆಯ ಬೆನ್ನ ಮೇಲೆ. ಮಗ ಆ ಪುಟ ಬಂದಾಗಲೆಲ್ಲ ಮೂಸಿ ನೋಡಿ "ಘಮ" ಅನ್ನುತ್ತಾನೆ.